ಬೆಂಗಳೂರಿನಲ್ಲಿ ಬಾಡಿಗೆ, ಸೈದಾಪುರದಲ್ಲಿ ಬೀಗ



ಮದುವೆಯ ಖರ್ಚು, ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ ಮೊದಲಾದ ಗೃಹಸ್ಥರ ಚಿಂತೆಗಳನ್ನು ಈ ಅಂಕಣದಲ್ಲಿ ನಾವು ಹಂಚಿಕೊಳ್ಳುತ್ತ ಬಂದಿದ್ದೇವೆ. ಈ ಎಲ್ಲ ಚಿಂತೆಗಳಿಗೂ ನೆರಳು ಕೊಟ್ಟು ನಿಂತಿರುವ ಮನೆಯನ್ನೇ ಕುರಿತು ಮಾತನಾಡಲು ಇದುವರೆಗೆ ಅವಕಾಶವಾಗಿರಲಿಲ್ಲ. ಈ ತಿಂಗಳು ಮಾತನಾಡುವೆನು. ಅದಕ್ಕೆ ಕಾರಣ ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಸಂಗತಿ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಉಳಿದುದನ್ನು ಮಾತ್ರ ಬರೆಯಲು ಮನಸ್ಸು ಒಪ್ಪಲಿಲ್ಲ.

ಸೈದಾಪುರವು ಯಾದಗಿರಿಗೂ ರಾಯಚೂರಿಗೂ ನಡುವೆ ಇರುವ ರೈಲು ನಿಲ್ದಾಣದ ಊರು. 1871ರಲ್ಲಿ ಮುಂಬಯಿ ಕಡೆಯ ರೈಲು ಮಾರ್ಗವೂ ಮದ್ರಾಸಿನ ಕಡೆಯ ಮಾರ್ಗವೂ ರಾಯಚೂರಿನಲ್ಲಿ ಬಂದು ಕೂಡಿದವು. ಅಂದಿನಿಂದ ಈ ಸೀಮೆಯ ಹತ್ತಿ, ತೊಗರಿ ಆ ಹಳಿಯ ಮೇಲೆ ಹೊರನಾಡಿಗೆ ಹೋದವು. ಅನಂತರ ಅದೇ ಹಳಿಯ ಮೇಲೆ ರಾಯಚೂರು, ಗುಂತಕಲ್ಲು ದಾಟಿ ನಮ್ಮ ಮಕ್ಕಳು ಬೆಂಗಳೂರಿಗೆ ಹೋದರು. ಓದಿದವರು ಕಂಪನಿಗಳ ನೌಕರಿಗೆ ಹೋದರು. ಓದದವರು ಕಟ್ಟಡದ ಕೆಲಸಕ್ಕೆ ಹೋದರು.

ಆ ಊರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮಾಳಿಗೆಯ ಮನೆಯೊಂದಿದೆ. ಕಲ್ಲಿನ ಗೋಡೆ, ತೊಲೆ ಜಂತೆ, ಪಡಸಾಲೆಗೆ ಶಹಾಬಾದಿನ ಪರಸಿ, ಒಳಗೆ ದೇವರ ಜಗುಲಿ, ಹೊರಗೆ ಹತ್ತು ಜನ ಕುಳಿತುಕೊಳ್ಳಬಹುದಾದ ಕಟ್ಟೆ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲದ ಒಂದು ಭಾಗ ನನಗೆ ಬಂತು, ಮನೆ ನನ್ನ ಅಣ್ಣನವರಿಗೆ ಹೋಯಿತು. ಅಣ್ಣನವರು ಲಿಂಗೈಕ್ಯರಾದ ಮೇಲೆ ಅತ್ತಿಗೆಯವರನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋದನು. ಮಗಳು ರಾಯಚೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ನಾನು ಯಾದಗಿರಿಯಲ್ಲಿರುವುದರಿಂದ ಬೀಗದ ಕೈ ನನ್ನ ಬಳಿ ಉಳಿಯಿತು.

ಹೋದ ವರ್ಷ ಅಣ್ಣನ ಮಗ ಫೋನು ಮಾಡಿ, "ಕಾಕಾ, ಸೈದಾಪುರದ ಮನಿ ಮಾರಿಬಿಡೋಣು. ಯಾರೂ ಇರಂಗಿಲ್ಲ, ಸುಮ್ಮನ ಬಿದ್ದದ. ಇಲ್ಲಿ ಫ್ಲ್ಯಾಟಿಗೆ ಮುಂಗಡ ಕಟ್ಟಬೇಕು" ಎಂದನು. ಅವನ ಮಾತಿನಲ್ಲಿ ದುರಾಸೆ ಇರಲಿಲ್ಲ. ಹನ್ನೊಂದು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆಗಳನ್ನು ಬದಲಿಸಿದ ಮನುಷ್ಯನ ದಣಿವಿತ್ತು.

ಮಹಾನಗರದ ಲೆಕ್ಕ

ಆ ದಣಿವನ್ನು ಅರಿಯದೆ ಹಳ್ಳಿಯಲ್ಲಿ ಕುಳಿತು ಮಕ್ಕಳನ್ನು ದೂರುವುದು ನ್ಯಾಯವಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷವಿತ್ತು. 2011ರಲ್ಲಿ ಅದು 96 ಲಕ್ಷವನ್ನು ದಾಟಿತು. ಆ ಹತ್ತು ವರ್ಷಗಳಲ್ಲಿ ಹೆಚ್ಚಾದವರೇ ಸುಮಾರು 31 ಲಕ್ಷ. ನಮ್ಮ ಯಾದಗಿರಿ ಜಿಲ್ಲೆಯ ಒಟ್ಟು ಜನಸಂಖ್ಯೆ 2011ರಲ್ಲಿ 11 ಲಕ್ಷ 74 ಸಾವಿರ. ಎರಡೂವರೆ ಯಾದಗಿರಿ ಜಿಲ್ಲೆಗಳು ಹತ್ತು ವರ್ಷಗಳಲ್ಲಿ ಒಂದು ನಗರದೊಳಗೆ ಬಂದು ಇಳಿದರೆ ಮನೆಯ ಬೆಲೆ ಏನಾಗಬೇಕೋ ಅದೇ ಆಗಿದೆ.

ಅಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನನ್ನು ಅದರಂತೆ ತಿದ್ದಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ನಮ್ಮ ಹುಡುಗನು ಎರಡನೆಯ ಮನೆಯನ್ನು ಬಿಡುವಾಗ ಸುಣ್ಣಬಣ್ಣದ ಲೆಕ್ಕವೆಂದು ಒಂದು ತಿಂಗಳ ಬಾಡಿಗೆಯನ್ನೂ, ನಲ್ಲಿಯ ದುರಸ್ತಿಯೆಂದು ಮತ್ತಷ್ಟನ್ನೂ ಮಾಲೀಕರು ಮುರಿದುಕೊಂಡರು. ಮೂರನೆಯ ಮನೆಯಲ್ಲಿದ್ದಾಗ 2024ರ ಬೇಸಿಗೆ ಬಂತು. ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದ್ದುದನ್ನು ನೀವೂ ಓದಿರುವಿರಿ. ಟ್ಯಾಂಕರಿನ ಹಾದಿ ಕಾಯುತ್ತ ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ನಿಂತಿರುತ್ತಿದ್ದವರು ನಮ್ಮ ಅತ್ತಿಗೆ. ಸೈದಾಪುರದಲ್ಲಿ ಬೆಳಗಾದರೆ ಕಟ್ಟೆಯ ಮೇಲೆ ಕುಳಿತು ಹಾದಿಹೋಕರನ್ನೆಲ್ಲ ಮಾತನಾಡಿಸುತ್ತಿದ್ದ ಜೀವ ಅದು. ಅಲ್ಲಿ ಎದುರು ಮನೆಯವರ ಹೆಸರು ತಿಳಿಯಲು ಅವರಿಗೆ ಏಳು ತಿಂಗಳು ಬೇಕಾಯಿತಂತೆ.

ಇನ್ನು ಕೊಳ್ಳುವ ಲೆಕ್ಕ. ಅವನು ನೋಡಿದ ಫ್ಲ್ಯಾಟಿನ ಬೆಲೆ 60 ಲಕ್ಷ ರೂಪಾಯಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಜರ್ವ್ ಬ್ಯಾಂಕಿನ ನಿಯಮದಂತೆ ಬೆಲೆಯ ಶೇ. 80ಕ್ಕಿಂತ ಹೆಚ್ಚು ಸಾಲ ದೊರೆಯುವುದಿಲ್ಲ. ಎಂದರೆ ಬ್ಯಾಂಕಿನಿಂದ 48 ಲಕ್ಷ, ಕೈಯಿಂದ 12 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರಗಳು, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ: ಇವಿಷ್ಟೇ ನಾಲ್ಕು ಲಕ್ಷವನ್ನು ಮೀರುತ್ತವೆ. 48 ಲಕ್ಷದ ಸಾಲವನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 41,650 ರೂಪಾಯಿ; ಕಟ್ಟಿ ಮುಗಿಸುವ ಹೊತ್ತಿಗೆ ಒಟ್ಟು ಹತ್ತಿರ ಹತ್ತಿರ ಒಂದು ಕೋಟಿ. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ತೋರಿಸಿದಾಗ ಹುಡುಗನು, "ಬಾಡಿಗಿ ಕೊಟ್ಟರ ಅದೂ ಹೋದಂಗೇ ಅಲ್ಲೇನು ಕಾಕಾ?" ಎಂದನು. ಆ ಪ್ರಶ್ನೆಯಲ್ಲಿಯೂ ಹುರುಳಿದೆ. ಊರಿನ ಮನೆ ಹೋದರೂ ಸರಿ, ನಗರದಲ್ಲಿ ತನ್ನದೆಂಬ ನಾಲ್ಕು ಗೋಡೆ ಬೇಕೆಂಬುದು ಅವನ ಹಂಬಲ.

ಬದಲಾದ ಊರು

ಮನೆಯನ್ನು ಮಾರುವುದಾದರೆ ಬೆಲೆಯನ್ನಾದರೂ ತಿಳಿಯೋಣವೆಂದು ನಾನು ಸೈದಾಪುರಕ್ಕೆ ಹೋದೆನು. ಊರು ನಾನು ತಿಳಿದುಕೊಂಡಂತೆ ಮಲಗಿರಲಿಲ್ಲ. ಪಕ್ಕದ ಕಡೇಚೂರು, ಬಾಡಿಯಾಳ ಗ್ರಾಮಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಸರ್ಕಾರವು ವಶಪಡಿಸಿಕೊಂಡ ಮೇಲೆ ಅಲ್ಲಿ ರೈಲ್ವೆ ಬೋಗಿಯ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕಗಳ ಘಟಕಗಳು ಬಂದವು. ಇದರ ನೆರಳು ಬೆಳಕು ಎರಡೂ ಊರಿನ ಮೇಲೆ ಬಿದ್ದಿವೆ. ಭೂಮಿ ಕೊಟ್ಟ ಕುಟುಂಬಗಳಲ್ಲಿ ಕೆಲವರು ಪರಿಹಾರದ ಹಣದಲ್ಲಿ ಮನೆ ಕಟ್ಟಿಕೊಂಡರು. ಕೆಲವರ ಹಣ ಮೋಟಾರು ಸೈಕಲ್ಲಿಗೂ ಮದುವೆಯ ಮಂಟಪಕ್ಕೂ ಹೋಯಿತು, ಭೂಮಿಯೂ ಉಳಿಯಲಿಲ್ಲ. ಗಾಳಿಯಲ್ಲಿ ದುರ್ವಾಸನೆ ಬರುತ್ತದೆಂದೂ ನೀರು ಕೆಡುತ್ತದೆಂದೂ ಸುತ್ತಣ ಹಳ್ಳಿಗಳ ಜನ ದೂರುತ್ತಿದ್ದಾರೆ. ಆ ದೂರು ಹಗುರವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಗಾಳಿ ನೀರು ಕೆಟ್ಟ ಊರಿನಲ್ಲಿ ಮನೆಗೆ ಎಷ್ಟು ಬೆಲೆ ಬಂದರೇನು?

ನನ್ನ ಗಮನವನ್ನು ಸೆಳೆದ ಸಂಗತಿ ಬೇರೊಂದು. ಕಾರ್ಖಾನೆಯ ಕೆಲಸಗಾರರು, ಶಾಲೆಯ ಶಿಕ್ಷಕರು, ಆಸ್ಪತ್ರೆಯ ದಾದಿಯರು, ಬ್ಯಾಂಕಿನ ಗುಮಾಸ್ತರು, ಇವರೆಲ್ಲ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಮನೆ ಸಿಗದವರು ಯಾದಗಿರಿಯಿಂದಲೂ ರಾಯಚೂರಿನಿಂದಲೂ ದಿನವೂ ಬಂದು ಹೋಗುತ್ತಾರೆ. ಅದೇ ಊರಿನಲ್ಲಿ ನಮ್ಮ ಓಣಿಯೊಂದರಲ್ಲಿಯೇ ನಾನು ಎಣಿಸಿದಂತೆ ಬೀಗ ಬಿದ್ದ ಮನೆಗಳು ಆರು. ಮಾಲೀಕರು ಕಲಬುರಗಿ, ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ಬಾಡಿಗೆ ಕೊಟ್ಟು ಇದ್ದಾರೆ. 2011ರ ಜನಗಣತಿಯು ದೇಶದಲ್ಲಿ ಸುಮಾರು 2 ಕೋಟಿ 46 ಲಕ್ಷ ಖಾಲಿ ಮನೆಗಳನ್ನು ಎಣಿಸಿತ್ತು. ಅಂತಹ ಮನೆ ಹೇಗಿರುತ್ತದೆಂಬುದನ್ನು ನಮ್ಮ ಮನೆಯ ಬೀಗ ತೆಗೆದಾಗ ಕಂಡೆನು.

ಮಾಳಿಗೆಯ ಮನೆಗೆ ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿಸಬೇಕು. ಮೂರು ವರ್ಷ ಯಾರೂ ಹಾಕಿಸಿರಲಿಲ್ಲ. ಬೆಳಕಿಂಡಿಯ ಸುತ್ತ ನೀರಿಳಿದು ಜಂತೆಗಳು ಕಪ್ಪಾಗಿದ್ದವು. ಬಾಗಿಲ ಚೌಕಟ್ಟನ್ನು ಗೆದ್ದಲು ಹಿಡಿದಿತ್ತು. ದೇವರ ಜಗುಲಿಯ ಮೇಲೆ ಪಾರಿವಾಳಗಳು ಗೂಡು ಮಾಡಿದ್ದವು. ನಮ್ಮ ತಾಯಿಯವರು ದಿನಕ್ಕೆರಡು ಸಲ ಒರೆಸಿ ಕನ್ನಡಿಯಂತೆ ಇಟ್ಟಿದ್ದ ಪರಸಿಯ ಮೇಲೆ ಬೆರಳಗಾತ್ರ ಧೂಳು ಕೂತಿತ್ತು. ಈ ಮನೆಯನ್ನು ಕಂಡವನು ಏನು ಬೆಲೆ ಕೊಟ್ಟಾನು? ಬಂದ ದಲ್ಲಾಳಿಯು ಮನೆಯನ್ನು ನೋಡಲೇ ಇಲ್ಲ. ಹೊರಗೆ ನಿಂತು ಜಾಗವನ್ನು ಹೆಜ್ಜೆಯಿಂದ ಅಳೆದು, "ಕೆಡವೋ ಖರ್ಚು ಮುರಕೊಂಡು ಹೇಳತೀನ್ರಿ" ಎಂದನು.

ನನ್ನ ತಪ್ಪು

ಈಗ ನನ್ನ ತಪ್ಪಿನ ಮಾತು. ಆ ಮೂರು ವರ್ಷ ಮನೆಯು ಖಾಲಿ ಇರಬೇಕಾಗಿರಲಿಲ್ಲ.

ಅಣ್ಣನವರ ಮನೆಗೆ ಬೀಗ ಬಿದ್ದ ಹೊಸದರಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯುವಕನೊಬ್ಬನು ಯಾದಗಿರಿಯ ನಮ್ಮ ಮನೆಗೆ ಬಂದಿದ್ದನು. ಹೊಸದಾಗಿ ಮದುವೆಯಾಗಿತ್ತು, ಹೆಂಡತಿಯನ್ನು ಕರೆತರಬೇಕಿತ್ತು. ಶುಭ್ರವಾದ ಬಟ್ಟೆ, ವಿನಯದ ಮಾತು. ಕೇಳಿದ ಬಾಡಿಗೆಯನ್ನು ಕೊಡಲು ಒಪ್ಪಿದನು. ಎಲ್ಲ ಮುಗಿದ ಮೇಲೆ ನಾನು, "ನೀವು ಯಾವ ಪೈಕಿ?" ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ನೆಲವನ್ನು ನೋಡಿದನು. ಆಮೇಲೆ ಹೇಳಿದನು. ಅವನು ಹೇಳಿದ ಹೆಸರನ್ನು ಇಲ್ಲಿ ಬರೆಯಲಾರೆ. ಬರೆದರೆ ಓದುವವರಲ್ಲಿ ಕೆಲವರಾದರೂ ಆ ಹೆಸರನ್ನು ತೂಗಿ ನೋಡಲು ತೊಡಗುವರೆಂಬ ಅಳುಕು ನನಗಿದೆ. ನಾನು, "ಮನಿ ರಿಪೇರಿ ಮಾಡಸೋದದ, ಆಮ್ಯಾಲೆ ನೋಡೋಣು" ಎಂದೆನು. ಅವನಿಗೆ ಅರ್ಥವಾಯಿತು. "ಆಗಲ್ರಿ" ಎಂದು ಕೈಮುಗಿದು ಹೋದನು. ನಾನು ಕೊಟ್ಟ ಚಹಾವನ್ನು ಅವನು ಅರ್ಧವೇ ಕುಡಿದಿದ್ದನು.

ಓಣಿಯವರು ಏನೆಂದಾರು ಎಂಬುದು ನನ್ನ ನೆಪ. ಓಣಿಯವರನ್ನು ನಾನು ಕೇಳಿರಲಿಲ್ಲ.

ಇದನ್ನು ನಾನು ಮರೆತಿದ್ದೆನು. ನೆನಪಾದುದು ಅಣ್ಣನ ಮಗ ತನ್ನ ನಾಲ್ಕನೆಯ ಮನೆಯನ್ನು ಹುಡುಕಿದ ಕಥೆ ಹೇಳಿದಾಗ. ಬೆಂಗಳೂರಿನಲ್ಲಿ ಒಂದೊಂದು ಬಾಗಿಲಲ್ಲಿ ಒಂದೊಂದು ಪ್ರಶ್ನೆ: ಯಾವ ಕಡೆಯವರು? ಯಾವ ಜನ? ಮನೆಯಲ್ಲಿ ವಯಸ್ಸಾದವರಿದ್ದಾರೆಯೆ? ಊರಿನಿಂದ ನೆಂಟರು ಬಹಳ ಬರುತ್ತಾರೆಯೆ? ಒಂದು ಮನೆಯಲ್ಲಿ ಎಲ್ಲ ಕುದುರಿದ ಮೇಲೆ ಇವನ ಮಾತಿನ ಧಾಟಿಯನ್ನು ಕೇಳಿ, "ನಿಮ್ಮ ಕಡೆಯವರು ಜಾಸ್ತಿ ಜನ ಸೇರುತ್ತಾರೆ" ಎಂದು ಮಾಲೀಕರು ಬಾಗಿಲು ಹಾಕಿಕೊಂಡರಂತೆ. ಇನ್ನೊಂದು ಕಡೆ "ಮನೆ ರಿಪೇರಿ ಇದೆ" ಎಂದರಂತೆ. ಆ ಎರಡು ಪದಗಳು ಕಿವಿಗೆ ಬಿದ್ದೊಡನೆ ಯಾದಗಿರಿಯ ನಮ್ಮ ಪಡಸಾಲೆಯಲ್ಲಿ ಅರ್ಧ ಉಳಿದಿದ್ದ ಚಹಾದ ಲೋಟ ಕಣ್ಣ ಮುಂದೆ ಬಂತು.

ಬಂದವನನ್ನು ಕುಲ ಕೇಳಿ ಅಳೆಯಬಾರದೆಂಬ ತತ್ತ್ವದ ಮೇಲೆ ನಿಂತ ಸಮಾಜ ನಮ್ಮದು. ಬಸವಣ್ಣನವರ ಜಯಂತಿಯ ದಿನ ಅದನ್ನು ವೇದಿಕೆಯ ಮೇಲೆ ನಿಂತು ನಾನೇ ಎಷ್ಟೋ ಸಲ ಹೇಳಿದ್ದೇನೆ. ಬಾಡಿಗೆಗೆ ಮನೆ ಕೇಳಿ ಬಂದವನ ಮುಂದೆ ಆ ಮಾತು ನೆನಪಿಗೆ ಬರದೆ ಹೋಯಿತು. ಸಸ್ಯಾಹಾರದ ನೇಮವುಳ್ಳ ಮನೆಯವರು ತಾವು ವಾಸಿಸುವ ಮನೆಯ ಒಂದು ಕೋಣೆಯನ್ನು ಕೊಡುವಾಗ ಅಡುಗೆಯ ವಿಷಯವನ್ನು ಮೊದಲೇ ಹೇಳಿ ಒಪ್ಪಿಗೆ ಮಾಡಿಕೊಳ್ಳುವುದನ್ನು ನಾನು ತಪ್ಪೆನ್ನಲಾರೆ. ಅದು ನಡತೆಯ ಮಾತು, ಇಬ್ಬರೂ ಕೂಡಿ ತೀರ್ಮಾನಿಸಬಹುದಾದದ್ದು. ಹುಟ್ಟನ್ನು ಕೇಳಿ ಬಾಗಿಲು ಮುಚ್ಚುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮಲ್ಲಿಯೇ ಬೇರೆ ಮಾದರಿಗಳಿವೆ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರ ಮಾಡಿದ ರಾವ್ ಬಹದ್ದೂರ್ ತೋಟದಪ್ಪನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರಿಗೇ ಪ್ರಯಾಣಿಕರಿಗೆ ಧರ್ಮಛತ್ರವನ್ನು ಕಟ್ಟಿಸಿದರು, ವಿದ್ಯಾರ್ಥಿಗಳಿಗೆ ಉಚಿತ ವಸತಿ ನಿಲಯವನ್ನು ನಡೆಸಿದರು. ಅವರು ತೀರಿಕೊಂಡುದು 1910ರಲ್ಲಿ. ರೈಲಿನಿಂದಿಳಿದು ಅಪರಿಚಿತ ನಗರದಲ್ಲಿ ಎಲ್ಲಿ ತಂಗಲಿ ಎಂದು ನಿಂತವನ ಸಂಕಟ ಆ ವರ್ತಕರಿಗೆ ಅರ್ಥವಾಗಿತ್ತು. ಛತ್ರ ಕಟ್ಟುವ ಶಕ್ತಿ ನಮಗಿಲ್ಲ, ನಿಜ. ಇರುವ ಮನೆಯ ಬೀಗವನ್ನು ತೆಗೆಯುವ ಶಕ್ತಿ ಇದೆಯಲ್ಲ.

ಮಗಳ ಮಾತು

ಮನೆಯ ವಿಚಾರ ತೀರ್ಮಾನಿಸಲು ಎಲ್ಲರೂ ಸೈದಾಪುರದಲ್ಲಿ ಕೂಡಿದೆವು. ಬೆಂಗಳೂರಿನಿಂದ ಹುಡುಗನೂ ಅತ್ತಿಗೆಯವರೂ ಬಂದರು. ರಾಯಚೂರಿನಿಂದ ಅಣ್ಣನ ಮಗಳು ಬಂದಳು. ಅವಳನ್ನು ಕರೆದುದು ಸಹಿಗಾಗಿ. ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿದೆ. ಕರ್ನಾಟಕವು 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರಿಗೂ ಆ ಹಕ್ಕನ್ನು ವಿಸ್ತರಿಸಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದೂ, ತಂದೆ 2005ರಲ್ಲಿ ಬದುಕಿರಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ನಮ್ಮ ಮನೆಗಳಲ್ಲಿ ಅಕ್ಕತಂಗಿಯರನ್ನು ನೆನೆಯುವುದು ನೋಂದಣಿ ಕಚೇರಿಯಲ್ಲಿ ಸಹಿ ಬೇಕಾದಾಗ ಮಾತ್ರ. ಒಂದು ಸೀರೆ ಉಡಿಸಿ ಸಹಿ ಮಾಡಿಸಿಕೊಳ್ಳುವುದು ನಡೆದೇ ಇದೆ. ನಮ್ಮ ಮನೆಯಲ್ಲಿಯೂ ಸೀರೆ ತಂದಿಟ್ಟಿದ್ದೆವು.

ಮಗಳು ಸೀರೆಯನ್ನು ನೋಡಿದಳು, ಮನೆಯನ್ನು ನೋಡಿದಳು. ಜಗುಲಿಯ ಮೇಲಿನ ಗೂಡನ್ನು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಕಸಬರಿಗೆ ಹಿಡಿದು ಪಡಸಾಲೆಯನ್ನು ಗುಡಿಸುತ್ತ ಹೇಳಿದಳು: "ಕಾಕಾ, ನನಗ ಪಾಲು ಬ್ಯಾಡ ಅಂತ ನಾ ಹೇಳಂಗಿಲ್ಲ. ಕಾಯಿದೆ ಕೊಟ್ಟದ್ದನ್ನ ಬ್ಯಾಡ ಅನ್ನಲಿಕ್ಕೆ ನಾ ಯಾರು? ಖರೆ ಇವತ್ತ ಸಹಿ ಮಾಡಂಗಿಲ್ಲ. ತಮ್ಮಗ ರೊಕ್ಕ ಬೇಕಾಗ್ಯಾವ, ಗೊತ್ತದ. ಕೆಡವೋ ರೇಟಿಗೆ ಮಾರಿದರ ಅವನಿಗೆ ಸಿಗೋದೆಷ್ಟು, ಲೆಕ್ಕ ಹಾಕ್ರಿ. ಒಂದು ವರ್ಷ ಬೀಗ ತಗದು ಯಾರಿಗಾರ ಇರಲಿಕ್ಕೆ ಕೊಡ್ರಿ. ಆಮ್ಯಾಲೆ ನಾನೇ ಬಂದು ಮಾತಾಡತೀನಿ."

ಹುಡುಗನಿಗೆ ಸಿಟ್ಟು ಬಂತು. ಅಕ್ಕನಿಗೆ ತನ್ನ ಕಷ್ಟ ತಿಳಿಯದೆಂದನು. ಅಂದು ಅಕ್ಕತಮ್ಮ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ. ಅತ್ತಿಗೆಯವರು ಇಬ್ಬರಿಗೂ ಬೇರೆ ಬೇರೆ ಬಡಿಸಿ, ತಾವು ಹೊರಗೆ ಹೋಗಿ ಬಹುಹೊತ್ತು ಕಟ್ಟೆಯ ಮೇಲೆ ಕುಳಿತರು. ದಾರಿಯಲ್ಲಿ ಹೋಗುವವರೊಬ್ಬರು, "ಯಾವಾಗ ಬಂದೀಯಬೇ ಯಕ್ಕಾ?" ಎಂದು ನಿಂತರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕತ್ತಲಾಗುವ ಹೊತ್ತಿಗೆ ಕಟ್ಟೆ ತುಂಬಿತ್ತು. ಒಳಗಿನಿಂದ ಇದನ್ನು ನೋಡುತ್ತಿದ್ದ ಮಗನು ಏನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಏಣಿ ತಂದು ಮಾಳಿಗೆ ಹತ್ತಿದನು.

ಬೀಗ ತೆಗೆದ ಮೇಲೆ

ಮಾಳಿಗೆಗೆ ಮಣ್ಣು, ನಾಲ್ಕು ಹೊಸ ಜಂತೆ, ಬಾಗಿಲಿಗೆ ಹೊಸ ಚೌಕಟ್ಟು, ಶೌಚಾಲಯ, ವಿದ್ಯುತ್ ತಂತಿ: ಇದಕ್ಕಾದ ಖರ್ಚನ್ನು ನಾನು, ಹುಡುಗ, ಮಗಳು ಮೂವರೂ ಹಂಚಿಕೊಂಡೆವು. ಮೂರು ವರ್ಷ ಬೀಗ ಹಾಕಿದ ದಂಡವೆಂದು ನನ್ನ ಪಾಲನ್ನು ನಾನೇ ಹೆಚ್ಚಿಸಿಕೊಂಡೆನು.

ಮೊದಲು ಬಂದಿದ್ದ ಆ ಯುವಕನನ್ನು ಹುಡುಕಿದೆನು. ಅವನು ಬೇರೆ ಊರಿಗೆ ವರ್ಗವಾಗಿ ಹೋಗಿದ್ದನೆಂದು ತಿಳಿಯಿತು. ಅವನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ದೊರೆಯಲಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಬೀಳಲಿ. ಈಗ ಮನೆಯಲ್ಲಿ ದಾದಿಯೊಬ್ಬರು ತಮ್ಮ ಗಂಡ ಮತ್ತು ಎರಡು ಮಕ್ಕಳೊಂದಿಗೆ ಇದ್ದಾರೆ. ಅವರು ಯಾವ ಪೈಕಿಯೆಂದು ನಾನು ಕೇಳಲಿಲ್ಲ, ಇಂದಿಗೂ ತಿಳಿಯದು. ಕೇಳಿದ್ದು ನಾಲ್ಕೇ ಮಾತು: ಎಲ್ಲಿ ಕೆಲಸ, ಎಷ್ಟು ಜನ, ಬಾಡಿಗೆ ಯಾವ ತಾರೀಖಿಗೆ, ಮಾಳಿಗೆಗೆ ಮಣ್ಣು ಹಾಕಿಸುವಾಗ ಒಂದು ದಿನ ತಡೆದುಕೊಳ್ಳುವಿರಾ?

ಮುಂಗಡ ಎರಡು ತಿಂಗಳದ್ದು ಮಾತ್ರ ತೆಗೆದುಕೊಂಡು ರಸೀತಿ ಕೊಟ್ಟೆವು. ಕರಾರು ಪತ್ರವನ್ನೂ ಮಾಡಿಕೊಂಡೆವು. ಮನೆಯನ್ನು ಬಾಡಿಗೆಗೆ ಕೊಡಲು ಅಂಜುವವರಿಗೆ ಹೇಳುತ್ತೇನೆ, ಅಂಜಿಕೆಗೆ ಮದ್ದು ಬರಹದಲ್ಲಿದೆ. ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುತ್ತದೆ. ಎಲ್ಲ ಕಡೆ 11 ತಿಂಗಳ ಕರಾರು ರೂಢಿಯಾಗಿರುವುದು ಆ ಕಾರಣದಿಂದ. ಬಾಡಿಗೆ, ಮುಂಗಡ, ವಿದ್ಯುತ್ ಮೀಟರಿನ ಅಂಕಿ, ಬಿಡುವಾಗ ಎಷ್ಟು ದಿನ ಮುಂಚೆ ತಿಳಿಸಬೇಕು, ಸುಣ್ಣಬಣ್ಣದ ಖರ್ಚು ಯಾರದು, ಇಷ್ಟನ್ನು ಸ್ಪಷ್ಟವಾಗಿ ಬರೆದುಕೊಂಡರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಮಾರಲೇಬೇಕಾದವರು, ಕೊಳ್ಳಲೇಬೇಕಾದವರು ಇದ್ದೇ ಇರುತ್ತಾರೆ. ಅವರಿಗೂ ಎರಡು ಮಾತು. ಹಳ್ಳಿಯಲ್ಲಿ ನಿವೇಶನ ಕೊಳ್ಳುವಾಗ ಕೃಷಿಭೂಮಿಯು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಪರಿವರ್ತನೆಯಾಗಿದೆಯೇ, ಬಡಾವಣೆಗೆ ಅನುಮೋದನೆ ಇದೆಯೇ, ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ದೊರೆಯುತ್ತವೆಯೇ ಎಂಬುದನ್ನು ನೋಡಿರಿ. ಋಣಭಾರ ಪತ್ರವನ್ನು ತೆಗೆಸಿರಿ. ಅಧಿಕಾರ ಪತ್ರದ ಮೇಲೆ ಮಾರುವುದಾಗಿ ಯಾರಾದರೂ ಹೇಳಿದರೆ, ಅಂತಹ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿರುವುದನ್ನು ನೆನೆಯಿರಿ. ನಗರದಲ್ಲಿ ಫ್ಲ್ಯಾಟು ಕೊಳ್ಳುವವರು 2016ರ ರಿಯಲ್ ಎಸ್ಟೇಟ್ ಕಾಯಿದೆಯ ಕೆಳಗೆ ಆ ಯೋಜನೆ ನೋಂದಣಿಯಾಗಿದೆಯೇ ಎಂದು ವಿಚಾರಿಸಿರಿ; 500 ಚದರ ಮೀಟರಿಗೂ ಎಂಟು ಮನೆಗಳಿಗೂ ಮೀರಿದ ಹೊಸ ಯೋಜನೆಗಳಿಗೆ ಅದು ಕಡ್ಡಾಯ. ಸಂಸಾರದ ಉಳಿತಾಯವೆಲ್ಲ ಒಂದೇ ಸಹಿಯಲ್ಲಿ ಹೋಗುವ ವ್ಯವಹಾರವಿದು. ವಕೀಲರಿಗೆ ಕೊಡುವ ಸಣ್ಣ ಮೊತ್ತವನ್ನು ಉಳಿಸಲು ಹೋಗಬೇಡಿರಿ.

ಅಣ್ಣನ ಮಗನು ಫ್ಲ್ಯಾಟು ಕೊಂಡಿಲ್ಲ. ಬೆಂಗಳೂರಿನ ನಾಲ್ಕನೆಯ ಬಾಡಿಗೆ ಮನೆಯಲ್ಲಿಯೇ ಇದ್ದಾನೆ. ಸೈದಾಪುರದ ಬಾಡಿಗೆಯು ಅವನ ಬೆಂಗಳೂರಿನ ಬಾಡಿಗೆಯ ಐದನೆಯ ಒಂದು ಪಾಲಿಗೂ ಸಾಲದು. ಅದನ್ನು ಅತ್ತಿಗೆಯವರ ಹೆಸರಿನಲ್ಲಿ ಬ್ಯಾಂಕಿಗೆ ಹಾಕುತ್ತಿದ್ದೇವೆ. ವರ್ಷ ತುಂಬಿದ ಮೇಲೆ ಮಾರಾಟದ ಮಾತು ಮತ್ತೆ ಬರುವುದು. ಆಗ ಮಾರಲೇಬೇಕೆಂದು ನಿಶ್ಚಯವಾದರೆ ನಾನು ಅಡ್ಡ ಬರಲಾರೆ. ಮಾರುವುದಾದರೂ ದೀಪ ಹಚ್ಚಿದ ಮನೆಯನ್ನು ಮಾರುತ್ತೇವೆ, ಅದರ ಬೆಲೆಯಲ್ಲಿ ಮಗಳ ಪಾಲು ಮಗಳ ಕೈಗೆ ಹೋಗುತ್ತದೆ. ಇಷ್ಟನ್ನು ಹುಡುಗನೇ ತನ್ನ ಅಕ್ಕನಿಗೆ ಫೋನು ಮಾಡಿ ಹೇಳಿದ್ದಾನೆ.

ಕಳೆದ ತಿಂಗಳು ಅತ್ತಿಗೆಯವರು ಎಂಟು ದಿನ ಸೈದಾಪುರಕ್ಕೆ ಬಂದಿದ್ದರು. ತಮ್ಮದೇ ಮನೆಗೆ ಅತಿಥಿಯಾಗಿ ಹೋಗುವುದು ಹೇಗೆಂದು ಅವರಿಗೆ ಸಂಕೋಚವಿತ್ತು. ದಾದಿಯವರು ಪಡಸಾಲೆಯ ಪಕ್ಕದ ಕೋಣೆಯನ್ನು ತೆರವು ಮಾಡಿ ಇಟ್ಟಿದ್ದರು. "ಜಗುಲಿ ಹೆಂಗದ?" ಎಂದು ನಾನು ಫೋನಿನಲ್ಲಿ ಕೇಳಿದೆನು. "ಒರಸಿ ಇಟ್ಟಾರ. ಸಣ್ಣ ಹುಡುಗಿ ದಿನಾ ಸಂಜಿಗೆ ದೀಪ ಹಚ್ಚತದ. ಯಾರೂ ಹೇಳಿಲ್ಲಂತ" ಎಂದರು.

ನಿಮ್ಮ ಊರಿನ ಮನೆಯ ಬೀಗದ ಕೈ ಯಾರ ಬಳಿ ಇದೆ? ಈ ಬೇಸಿಗೆಯಲ್ಲಿ, ಮಳೆ ಬರುವ ಮುಂಚೆ, ಒಮ್ಮೆ ಹೋಗಿ ನೋಡಿ ಬನ್ನಿರಿ.